ಧ್ಯಾನದ ಕೋಣೆಯ ತುಳಸಿಗೆ ಪರಿಮಳವಿಲ್ಲ, ರೋಸ್‌ಮೆರಿ ಒಣಗುತ್ತಿದೆ: ಯಾವ ಗೊಬ್ಬರ ಹಾಕಲಿ?

ಮೌನಕುಂಡ:
ಧ್ಯಾನಕ್ಕೆ ಕೂರುವ ಕೋಣೆಯಲ್ಲಿ ತುಳಸಿ, ರೋಸ್‌ಮೆರಿ ಒಂದೊಂದು ಕುಂಡ ಇವೆ. ತುಳಸಿ ಬಳ್ಳಿಯ ಹಾಗೆ ಉದ್ದ ಹೋಗಿದೆ, ಗೆಣ್ಣಿಗೂ ಗೆಣ್ಣಿಗೂ 6–7 ಸೆಂ.ಮೀ. ಅಂತರ. ಎಲೆ ತೆಳು, ಹಿಸುಕಿದರೂ ಪರಿಮಳ ಅಷ್ಟಕ್ಕಷ್ಟೆ. ರೋಸ್‌ಮೆರಿ ಬುಡದಿಂದ ಮೇಲಕ್ಕೆ ಕಂದಾಗಿ ಉದುರುತ್ತಿದೆ. ನೇರ ಬಿಸಿಲು ಬೀಳದ ಕಿಟಕಿ ಎರಡು ಮೀಟರ್ ದೂರದಲ್ಲಿದೆ. ಗಿಡದಿಂದ ಒಂದು ಮೀಟರ್ ಮೇಲೆ 9 ವ್ಯಾಟಿನ ಎಲ್‌ಇಡಿ ಬಲ್ಬ್. ಎರಡಕ್ಕೂ ದಿನಾ ಒಂದು ಲೋಟ ನೀರು. ಎರಡು ಹೊತ್ತೂ ಬಾಗಿಲು ಹಾಕಿಕೊಂಡು ಧೂಪ. ಎರೆಗೊಬ್ಬರ ಜಾಸ್ತಿ ಮಾಡಿದರೂ ಏನೂ ಬದಲಾಗಿಲ್ಲ. ಬೇರೆ ಯಾವ ಗೊಬ್ಬರ ಹಾಕಬೇಕು?

ಗೆಣ್ಣುಚಿಗುರು:
ಗೊಬ್ಬರ ನಿಲ್ಲಿಸಿ. ಪರಿಮಳ ಕಟ್ಟುವುದು ಬೆಳಕು. ತುಳಸಿ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಹೊಳೆಯುವ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ಬೆರಳು ತಾಗಿದಾಗ ಒಡೆದು ಘಮ್ಮೆನ್ನುವುದು ಅವೇ. ಎಣ್ಣೆ ತಯಾರಾಗಲು ಗಿಡದ ಹತ್ತಿರ ಸಕ್ಕರೆ ಮಿಗಬೇಕು, ಸಕ್ಕರೆ ಮಿಗಲು ಬೆಳಕು ಬೇಕು. ಗೊಬ್ಬರದ ಸಾರಜನಕ ಹೆಚ್ಚಾದರೆ ಎಲೆ ಅಗಲವಾಗುತ್ತದೆ, ಘಮ ಇನ್ನಷ್ಟು ಕಡಿಮೆಯಾಗುತ್ತದೆ.

ನಿಮ್ಮ ಬಲ್ಬಿನಿಂದ ಗಿಡದ ಮೇಲೆ ಬೀಳುತ್ತಿರುವುದು ಸುಮಾರು 100–200 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ). ಬೇಕಾದ್ದು 10,000–15,000 ಲಕ್ಸ್, ದಿನಕ್ಕೆ 14 ಗಂಟೆ. 20–30 ವ್ಯಾಟಿನ ಬಿಳಿ ಎಲ್‌ಇಡಿ ಪ್ಯಾನೆಲ್ (ಬೆಳಕಿನ ಬಣ್ಣದ ಅಳತೆ 4000–6500 ಕೆಲ್ವಿನ್) ಗಿಡದ ತುದಿಯಿಂದ 20–25 ಸೆಂ.ಮೀ. ಮೇಲಿರಲಿ, ಟೈಮರ್ ಹಾಕಿ. ಮೊಬೈಲಿನ ಲಕ್ಸ್ ಆ್ಯಪ್ ಅಷ್ಟು ನಿಖರವಲ್ಲ, ಆದರೆ 500 ಯಾವುದು 10,000 ಯಾವುದು ಎಂದು ತಿಳಿಯಲು ಸಾಕು. ನೆರಳಿನಲ್ಲಿದ್ದ ಗಿಡಕ್ಕೆ ಒಮ್ಮೆಲೇ ಇಷ್ಟು ಬೆಳಕು ಕೊಟ್ಟರೆ ಎಲೆ ಬಿಳಿಚುತ್ತದೆ. ಮೊದಲ ವಾರ ಪ್ಯಾನೆಲ್ 40 ಸೆಂ.ಮೀ. ಎತ್ತರದಲ್ಲಿರಲಿ, ಆಮೇಲೆ ಇಳಿಸುತ್ತಾ ಬನ್ನಿ.

ಉದ್ದ ಹೋದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ಹೊಸ ಚಿಗುರು ಕಂಡ ಮೇಲೆ ಕೆಳಗಿನ 2–3 ಜೋಡಿ ಎಲೆ ಉಳಿಸಿ, ಗೆಣ್ಣಿನ ತುಸು ಮೇಲೆ ಕತ್ತರಿಸಿ. ಹೂವಿನ ಕದಿರು ಬಂದ ಕೂಡಲೇ ಚಿವುಟಿ.

ರೋಸ್‌ಮೆರಿಗೆ ನೀರು ಜಾಸ್ತಿಯಾಗಿರುವ ಹಾಗಿದೆ. ಕುಂಡದಿಂದ ಹೊರತೆಗೆದು, ಬೇರು ಹೇಗಿದೆ ನೋಡಿ ಹೇಳಿ.

ಮೌನಕುಂಡ:
ಬೇರು ಕಂದು ಬಣ್ಣ. ಎಳೆದರೆ ಸಿಪ್ಪೆ ಜಾರಿ ಒಳಗಿನ ಎಳೆ ಮಾತ್ರ ದಾರದ ಹಾಗೆ ಉಳಿಯುತ್ತದೆ, ಹುಳಿ ವಾಸನೆ ಇದೆ. ತುದಿಯ ನಾಲ್ಕು ಕಡ್ಡಿ ಇನ್ನೂ ಹಸಿರಾಗಿವೆ. ಎರಡೂ ಕುಂಡಗಳ ಮಣ್ಣಿನಿಂದ ಸಣ್ಣ ಕಪ್ಪು ನೊರಜು ಏಳುತ್ತವೆ, ಕಣ್ಣು ಮುಚ್ಚಿ ಕೂತರೆ ಮುಖಕ್ಕೇ ಬರುತ್ತವೆ.

ಮರಳುಬೇರು:
ಸಿಪ್ಪೆ ಜಾರುತ್ತಿದೆ ಎಂದರೆ ಬೇರು ಕೊಳೆತಿದೆ. ಇಷ್ಟು ಮುಂದುವರಿದ ರೋಸ್‌ಮೆರಿ ಚೇತರಿಸಿಕೊಳ್ಳುವುದು ಅಪರೂಪ. ಆ ನಾಲ್ಕು ಕಡ್ಡಿಗಳನ್ನು ಇವತ್ತೇ ಉಳಿಸಿಕೊಳ್ಳಿ. ಕಟ್ಟಿಗೆಯಾಗದ ತುದಿಯಿಂದ 8–10 ಸೆಂ.ಮೀ. ಕತ್ತರಿಸಿ, ಕೆಳಗಿನ ಅರ್ಧದ ಎಲೆ ತೆಗೆದು, ತೇವ ಮಾಡಿದ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳಿನಲ್ಲಿ ನೆಡಿ. ಬೇರು ಬರಲು 3ರಿಂದ 6 ವಾರ ಬೇಕು. ನಡುವೆ ಕಿತ್ತು ನೋಡಬೇಡಿ, ಎಳೆ ಬೇರು ಮುರಿಯುತ್ತದೆ.

ಆಮೇಲೆ ಮಣ್ಣಿನ ಕುಂಡಕ್ಕೆ ಬದಲಾಯಿಸಿ: ಎರಡು ಪಾಲು ತೋಟದ ಮಣ್ಣು, ಒಂದೂವರೆ ಪಾಲು ಪರ್ಲೈಟ್ ಅಥವಾ ದಪ್ಪ ಮರಳು, ಅರ್ಧ ಪಾಲು ಎರೆಗೊಬ್ಬರ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೇಡ, ಅದು ಹಿಡಿದಿಡುವ ನೀರೇ ಈ ಗಿಡಕ್ಕೆ ಶತ್ರು. ಮೇಲಿನ 4–5 ಸೆಂ.ಮೀ. ಒಣಗಿದ ಮೇಲಷ್ಟೇ ತಳದಿಂದ ಹರಿಯುವಷ್ಟು ನೀರು ಕೊಟ್ಟು, ಅರ್ಧ ಗಂಟೆಯಲ್ಲಿ ತಟ್ಟೆಯ ನೀರು ಚೆಲ್ಲಿ. ತುಳಸಿಗೆ 2 ಸೆಂ.ಮೀ. ಒಣಗಿದರೆ ಸಾಕು. ದಿನಕ್ಕೊಂದು ಲೋಟ ಎಂಬ ಲೆಕ್ಕ ಬಿಟ್ಟುಬಿಡಿ, ಬೆರಳೇ ಅಳತೆ.

ನೊರಜಿನ ಮರಿಹುಳು ಇರುವುದು ಹಸಿ ಮಣ್ಣಿನ ಮೇಲ್ಪದರದಲ್ಲಿ. ಹಳದಿ ಅಂಟುಹಾಳೆಗೆ ಸಿಗುವುದು ಹಾರುವವು ಮಾತ್ರ, ಹುಳು ಒಳಗೇ ಉಳಿಯುತ್ತದೆ. ತುಳಸಿಯ ಮೇಲ್ಮಣ್ಣು ಒಣಗಲು ಬಿಡಿ. ಬಿಟಿಐ (ನೊರಜಿನ ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾ) ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ನೀರಿಗೆ ಬೆರೆಸಿ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಹಾಕಿ. ಎರಡು ವಾರಕ್ಕೇ ನಿಲ್ಲಿಸಿದರೆ ಉಳಿದ ಮೊಟ್ಟೆಗಳಿಂದ ಮತ್ತೆ ಶುರುವಾಗುತ್ತದೆ.

ಗೆಣ್ಣುಚಿಗುರು:
ಧೂಪದ ವಿಷಯ ಬಿಟ್ಟುಹೋಗಿತ್ತು. ಮಸಿ ಎಲೆಯ ಮೇಲೆ ಕೂತು ಬೆಳಕು ತಡೆಯುತ್ತದೆ. ಜೊತೆಗೆ, ಅರೆಬರೆ ಉರಿಯುವ ಯಾವುದೇ ವಸ್ತುವಿನ ಹೊಗೆಯಲ್ಲಿ ಎಥಿಲೀನ್ ಇರುತ್ತದೆ. ಗಿಡಕ್ಕೆ ಅದು ಎಲೆ ಉದುರಿಸು ಎನ್ನುವ ಹಾರ್ಮೋನು. ಮುಚ್ಚಿದ ಕೋಣೆಯಲ್ಲಿ ದಿನಕ್ಕೆರಡು ಸಲ ಅದು ಬೇಡ.

ಮಂದ ಬೆಳಕು, ಮುಚ್ಚಿದ ಬಾಗಿಲು, ಅಲುಗದ ಗಾಳಿ ಧ್ಯಾನಕ್ಕೆ ಒಳ್ಳೆಯದು, ಈ ಗಿಡಗಳಿಗೆ ಅಲ್ಲ. ಆದ್ದರಿಂದ ಗಿಡಗಳ ಮನೆ ಬೇರೆ ಕೋಣೆಯಲ್ಲಿ, ದೀಪದ ಕೆಳಗೆ, ಸಣ್ಣ ಫ್ಯಾನಿನ ಗಾಳಿಯಲ್ಲಿರಲಿ. ಕೂರುವ ಹೊತ್ತಿಗೆ ಒಂದು ಕುಂಡ ತಂದು ಪಕ್ಕದಲ್ಲಿಟ್ಟುಕೊಳ್ಳಿ, ಅವತ್ತು ಧೂಪ ಹಚ್ಚಬೇಡಿ. ಅಂಗೈಯಿಂದ ಎಲೆಗಳನ್ನು ಒಮ್ಮೆ ಮೆಲ್ಲಗೆ ಸವರಿದರೆ ಹತ್ತಿರ ಕೂತವರಿಗೆ ಬೇಕಾದಷ್ಟು ಘಮ ಬರುತ್ತದೆ. ಒಂದು ಗಂಟೆಯ ಮಂದ ಬೆಳಕಿನಿಂದ ಗಿಡಕ್ಕೆ ಏನೂ ಆಗುವುದಿಲ್ಲ.

ಮೌನಕುಂಡ:
ಕಡ್ಡಿ ನೆಟ್ಟಾಯಿತು. ಲ್ಯಾವೆಂಡರ್ ಕೂಡ ಇದೇ ಪ್ಯಾನೆಲ್ ಅಡಿ ಇಡಬಹುದೇ?

ಮರಳುಬೇರು:
ಈಗ ಬೇಡ. ಅದಕ್ಕೆ ಇನ್ನೂ ಹೆಚ್ಚು ಬೆಳಕು, ತಂಪು ರಾತ್ರಿ ಬೇಕು. ಮನೆಯೊಳಗೆ ಹೂ ಬಿಡಿಸುವುದು ಕಷ್ಟ. ಅದರ ಬದಲು ಮರುಗ ಇಡಿ. ರೋಸ್‌ಮೆರಿಯ ಮಣ್ಣೇ ಅದಕ್ಕೂ ಆಗುತ್ತದೆ, ನೀರು ತುಸು ಬೇಗ ಕೇಳುತ್ತದೆ ಅಷ್ಟೆ.