ಸಹಾಯ ಬೇಕು: ಮೂಲವ್ಯಾಧಿಗೆ ಆಪರೇಷನ್ನಾ, ಇನ್ನೂ ಕಾಯೋದಾ?

ವಯಸ್ಸು 52, ಮೂರನೇ ಹಂತದ ಒಳಮೊಳೆ: ಸಂಡಾಸಿಗೆ ಕೂತಾಗ ಹೊರಬರುತ್ತೆ, ಬೆರಳಲ್ಲಿ ಒಳಗೆ ತಳ್ಳಬೇಕು. ಮೊಳೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಎರಡು ಸಲ ಹಾಕಿಸಿದರೂ ಮತ್ತೆ ರಕ್ತ, ಹಿಮೋಗ್ಲೋಬಿನ್ 9.1ಕ್ಕೆ ಇಳಿದಿದೆ. ಕೊಲೊನೋಸ್ಕೋಪಿಯಲ್ಲಿ, ಅಂದ್ರೆ ದೊಡ್ಡ ಕರುಳೊಳಗೆ ಕ್ಯಾಮೆರಾ ಹಾಕಿ ನೋಡೋ ಪರೀಕ್ಷೇಲಿ, ಬೇರೇನೂ ಸಿಕ್ಕಿಲ್ಲ (ಈ ವಯಸ್ಸಲ್ಲಿ ರಕ್ತ ಕಂಡರೆ ಆ ಪರೀಕ್ಷೆ ಬಿಡೋ ಹಾಗಿಲ್ಲ). ಇಸಬಗೋಲ್, ಎರಡೂವರೆ ಲೀಟರ್ ನೀರು, ಬಿಸಿನೀರಿನ ಟಬ್ ಎಲ್ಲಾ ನಡೀತಿದೆ.

ಕೊಯ್ದು ತೆಗೆದರೆ ಮರುಕಳಿಸೋದು ಕಮ್ಮಿ, ಆದರೆ ಎರಡು ವಾರ ಜೋರು ನೋವು. ನೋವಿಗೆ ಹೆದರಿ ಮಲ ತಡೆದರೆ ಗಟ್ಟಿಯಾಗಿ ಗಾಯ ಇನ್ನಷ್ಟು ಹರಿಯುತ್ತೆ. ಸ್ಟೇಪ್ಲರ್ ಆಪರೇಷನ್ನಲ್ಲಿ (ಮೊಳೆಯನ್ನ ಮೇಲಕ್ಕೆ ಎಳೆದು ಪಿನ್ ಹೊಡೆಯೋದು) ನೋವು ಕಮ್ಮಿ, ಮತ್ತೆ ಬರೋ ಸಾಧ್ಯತೆ ಜಾಸ್ತಿ. 'ಲೇಸರ್, ಅದೇ ದಿನ ಮನೆಗೆ' ಬೋರ್ಡುಗಳ ಮೇಲೆ ಅಷ್ಟು ನಂಬಿಕೆಯಿಲ್ಲ.

ಕೊಯ್ಸಿಕೊಂಡವರು ಹೇಳಿ: ಕೂತು ಮಾಡೋ ಕೆಲಸಕ್ಕೆ ಎಷ್ಟು ದಿನಕ್ಕೆ ಮರಳಿದಿರಿ? ಹೂಸು ತಡೆಯೋ ಹಿಡಿತ ಸಡಿಲವಾಯ್ತಾ? ವಾರದ ನಂತರ ತಡವಾಗಿ ರಕ್ತ ಬಂತಾ? ಆಸ್ಪಿರಿನ್ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಮಾತ್ರೆ) ತಗೊಳ್ಳೋರಿಗೆ ಸರ್ಜನ್ ಏನಂದ್ರು?