ಪದಚರ್ಚೆ: ‘ಡೌನ್’ – ಯಾವುದು ಗುಡ್ಡ, ಯಾವುದು ಕೆಳಗೆ?

ಸ್ನೇಹಿತರೇ,

ಡಾರ್ವಿನ್ ಬದುಕಿನ ಬಗ್ಗೆ ಮಕ್ಕಳಿಗಾಗಿ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಡೌನ್’ ಅನ್ನುವ ಪದ ಹೆಜ್ಜೆ ಹೆಜ್ಜೆಗೂ ಎದುರಾಗುತ್ತದೆ. ಡಾರ್ವಿನ್ 1842ರಿಂದ ಕೊನೆಯವರೆಗೆ ಇದ್ದ ಊರಿನ ಹೆಸರು ಡೌನ್. ಮನೆಯ ಹೆಸರು ಡೌನ್ ಹೌಸ್. ಆ ಸೀಮೆಯ ಗುಡ್ಡಗಳಿಗೆ ನಾರ್ತ್ ಡೌನ್ಸ್ ಅಂತ ಹೆಸರು. ಇಷ್ಟು ಸಾಲದು ಅಂತ, ಮನೆ ಪಕ್ಕದ ಹೊಲದಲ್ಲಿ ಡಾರ್ವಿನ್ ಮಾಡಿದ ಒಂದು ಪ್ರಯೋಗವೂ ಇದೆ. 1842ರ ಡಿಸೆಂಬರ್‌ನಲ್ಲಿ ಹೊಲದ ಮೇಲೆ ಬಿಳಿ ಸುಣ್ಣಕಲ್ಲಿನ ಚೂರು ಹರಡಿಸಿದರು. 29 ವರ್ಷ ಬಿಟ್ಟು, 1871ರಲ್ಲಿ ಅಲ್ಲಿ ಕಾಲುವೆಯಂತೆ ಅಗೆಸಿ ನೋಡಿದರು. ಚೂರುಗಳು ಬಿಳಿ ಗೆರೆಯ ಹಾಗೆ ಏಳು ಇಂಚು ಆಳದಲ್ಲಿ ಕಂಡವು. ಎರೆಹುಳುಗಳು ಮಣ್ಣನ್ನು ಮೇಲಕ್ಕೆ ತಂದು ಹಾಕುತ್ತಾ ಹೋದಂತೆ ಕಲ್ಲು ಕೆಳಗೆ ಇಳಿದಿತ್ತು. ಅದೂ ಡೌನ್!

ಇಂಗ್ಲಿಷಿನಲ್ಲಿ ಇಷ್ಟಕ್ಕೂ ಒಂದೇ ಸದ್ದು. ಯಾವುದನ್ನು ಹೆಸರಾಗಿ ಹಾಗೇ ಬಿಡಬೇಕು, ಯಾವುದಕ್ಕೆ ಕನ್ನಡ ಪದ ಹಾಕಬೇಕು ಅಂತ ತೀರ್ಮಾನಿಸಲು ಪದದ ಬೇರನ್ನೇ ಹುಡುಕಬೇಕಾಯಿತು. ಸಿಕ್ಕಿದ್ದನ್ನು ಹಂಚಿಕೊಳ್ಳುತ್ತೇನೆ. ನಿಮ್ಮಿಂದ ನನಗೆ ಒಂದು ಪದವೂ ಬೇಕಾಗಿದೆ, ಅದನ್ನು ಆಮೇಲೆ ಕೇಳುತ್ತೇನೆ.

ಎಲ್ಲಕ್ಕಿಂತ ಸೊಗಸಾದ ಸಂಗತಿ ಇದು: ‘ಕೆಳಗೆ’ ಅನ್ನುವ ಅರ್ಥದ ಡೌನ್ ಹುಟ್ಟಿದ್ದು ‘ಗುಡ್ಡ’ ಅನ್ನುವ ಪದದಿಂದ. ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಅಂದರೆ ಗುಡ್ಡ. ‘ಒಫ್ ಡೂನೆ’ ಅಂದರೆ ಗುಡ್ಡದಿಂದ, ಗುಡ್ಡ ಬಿಟ್ಟು. ಗುಡ್ಡ ಬಿಟ್ಟು ಬರುವವರು ಇಳಿದೇ ಬರಬೇಕಲ್ಲ? ಹಾಗಾಗಿ ಆ ಮಾತಿಗೆ ‘ಕೆಳಮುಖವಾಗಿ’ ಅನ್ನುವ ಅರ್ಥ ಅಂಟಿಕೊಂಡಿತು. ಬಾಯಲ್ಲಿ ಸವೆದು ‘ಒಫ್ ಡೂನೆ’ ಹೋಗಿ ‘ಅಡೂನೆ’ ಆಯಿತು. ಮುಂದೆ ಆ ‘ಅ’ ಕೂಡ ಉದುರಿತು. ಉಳಿದದ್ದು ಬರೀ ‘ಡೂನ್’. ‘ಇಂದ’ ಅನ್ನುವ ಭಾಗ ಪೂರ್ತಿ ಕಳಚಿಹೋಗಿ, ಗುಡ್ಡ ಅನ್ನುವ ಪದವೊಂದೇ ನಿಂತು ಅದೇ ‘ಕೆಳಗೆ’ ಆಗಿಬಿಟ್ಟಿತು.

ನಮ್ಮ ಕಡೆಯ ಮಾತಲ್ಲಿ ಊಹಿಸಿಕೊಳ್ಳುವುದಾದರೆ ಹೀಗೆ. ಶಿರಸಿಯವರು ಕುಮಟೆಗೆ ಹೊರಟರೆ ‘ಘಟ್ಟ ಇಳಿದು ಹೋದರು’ ಅನ್ನುತ್ತೇವೆ. ಕಾಲ ಕಳೆದಂತೆ ‘ಇಳಿದು’ ಅನ್ನುವುದು ಬಿದ್ದುಹೋಗಿ, ‘ಘಟ್ಟ ಹೋದರು’ ಅಂದರೆ ‘ಕೆಳಗೆ ಹೋದರು’ ಅಂತಾಯಿತು ಅಂದುಕೊಳ್ಳಿ. ಆಮೇಲೆ ಬಾವಿಗೆ ಕೊಡ ಬಿದ್ದರೂ ‘ಕೊಡ ಘಟ್ಟ ಬಿತ್ತು’ ಅನ್ನಬೇಕು! ಇಂಗ್ಲಿಷಿನಲ್ಲಿ ಆಗಿದ್ದು ಇದೇ.

ಇನ್ನು ‘ಡೂನ್’ ‘ಡೌನ್’ ಆದದ್ದು ಹೇಗೆ? ಅದು ಈ ಪದ ಒಂದಕ್ಕೇ ಆದದ್ದಲ್ಲ. ಸುಮಾರು 15ನೇ ಶತಮಾನದಿಂದ ಮುಂದೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸಿದವು. ‘ಹೂಸ್’ ಹೌಸ್ ಆಯಿತು. ‘ಮೂಸ್’ ಮೌಸ್ ಆಯಿತು. ‘ಊಟ್’ ಔಟ್ ಆಯಿತು. ಸ್ಕಾಟ್ಲೆಂಡಿನ ಆಡುಮಾತಲ್ಲಿ ಇವತ್ತಿಗೂ ಹಳೆಯ ‘ಡೂನ್’, ‘ಹೂಸ್’ ಕೇಳಿಸುತ್ತವೆ.

ಕೆಳಗೆ ಅನ್ನುವ ಪದ ಹುಟ್ಟಿಕೊಂಡಿತು ಅಂತ ಗುಡ್ಡ ಅನ್ನುವ ಅರ್ಥವೇನೂ ಸಾಯಲಿಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಗಟ್ಟಿಯಾಗಿ ಉಳಿದಿದೆ. ಆದರೆ ಅಲ್ಲಿ ಎಲ್ಲ ಗುಡ್ಡಕ್ಕೂ ಡೌನ್ ಅನ್ನುವುದಿಲ್ಲ. ಸೀಮೆಸುಣ್ಣದಂಥ ಮೆದು ಬಿಳಿ ಕಲ್ಲು, ಅದರ ಮೇಲೆ ತೆಳು ಮಣ್ಣು, ಮರ ಕಡಿಮೆ, ಕುರಿ ಮೇಯ್ದು ಮೇಯ್ದು ಗಿಡ್ಡಗಾದ ಹುಲ್ಲು, ಚೂಪು ತುದಿ ಇಲ್ಲದ ದುಂಡು ಏರಿಳಿತ. ಅಂಥದ್ದು ಡೌನ್ಸ್. ಎತ್ತರವೂ ಜಾಸ್ತಿ ಇಲ್ಲ. ಸೌತ್ ಡೌನ್ಸ್‌ನ ದೊಡ್ಡ ಗುಡ್ಡಗಳಲ್ಲಿ ಒಂದಾದ ಬಟ್ಸರ್ ಹಿಲ್ ಸುಮಾರು 270 ಮೀಟರ್, ಅಷ್ಟೇ. ಡೋವರ್‌ನ ಹೆಸರಾಂತ ಬಿಳಿ ಬಂಡೆಗೋಡೆ ಇದೆಯಲ್ಲ, ಅದು ನಾರ್ತ್ ಡೌನ್ಸ್ ಸಮುದ್ರಕ್ಕೆ ಬಂದು ಮುಗಿಯುವ ಜಾಗ. ಗುಡ್ಡದ ಹೊಟ್ಟೆ ಸೀಳಿದಾಗ ಒಳಗಿನ ಬಿಳುಪು ಕಾಣುತ್ತದೆ.

ಅದರ ಹತ್ತಿರವೇ, ಕೆಂಟ್ ಕರಾವಳಿಯ ಡೀಲ್ ಊರಿನ ಎದುರಿಗೆ, ಸಮುದ್ರದ ಒಂದು ಭಾಗಕ್ಕೂ ‘ದ ಡೌನ್ಸ್’ ಅಂತಲೇ ಹೆಸರು. ಗಾಳಿಗೆ ಕಾಯುವ ಹಾಯಿ ಹಡಗುಗಳು ಲಂಗರು ಹಾಕುತ್ತಿದ್ದ ಜಾಗ ಅದು. 1639ರಲ್ಲಿ ಡಚ್ಚರ ನೌಕಾಪತಿ ಟ್ರೊಂಪ್ ಸ್ಪೇನಿನ ನೌಕಾಪಡೆಯನ್ನು ಸೋಲಿಸಿದ್ದು ಅಲ್ಲೇ. ಎದುರಿನ ಗುಡ್ಡದ ಹೆಸರು ನೀರಿಗೆ ಬಂದಿದೆ. ಇತಿಹಾಸದ ಬರಹದಲ್ಲಿ ‘ಡೌನ್ಸ್ ಯುದ್ಧ’ ಅಂತ ಸಿಕ್ಕರೆ ಗುಡ್ಡದ ಮೇಲಿನ ಕಾಳಗ ಅಂತ ಬರೆದುಬಿಡಬೇಡಿ.

ಬ್ರಿಟಿಷರು ಹೋದಲ್ಲೆಲ್ಲ ಈ ಪದವನ್ನೂ ಹೊತ್ತುಕೊಂಡು ಹೋದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಡಾರ್ಲಿಂಗ್ ಡೌನ್ಸ್ ಇದೆ. 1827ರಲ್ಲಿ ಅಲನ್ ಕನಿಂಗ್‌ಹ್ಯಾಮ್ ಅನ್ನುವ ಅನ್ವೇಷಕರು ಆಗಿನ ಗವರ್ನರ್ ರಾಲ್ಫ್ ಡಾರ್ಲಿಂಗ್ ಹೆಸರನ್ನು ಅದಕ್ಕಿಟ್ಟರು. ನಮ್ಮ ಪಕ್ಕದಲ್ಲೇ ಇರುವುದು ಊಟಿಯ ವೆನ್‌ಲಾಕ್ ಡೌನ್ಸ್. ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಊಟಿಗೆ ಹೋಗುವವರು ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುವ, ಸಿನಿಮಾ ಹಾಡುಗಳಲ್ಲಿ ಎಲ್ಲರೂ ನೋಡಿರುವ ಹಸಿರು ಹುಲ್ಲಿನ ಇಳಿಜಾರುಗಳು ಅವೇ. ಮದರಾಸು ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್ ಹೆಸರು ಅದು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೂ ಅವರದೇ ಹೆಸರು. ಸಮುದ್ರಮಟ್ಟದಿಂದ 2000 ಮೀಟರ್‌ಗೂ ಮೇಲೆ ಇರುವ ಜಾಗ ‘ಡೌನ್’ ಹೇಗಾಯಿತು ಅಂತ ಅಲ್ಲಿಗೆ ಹೋದ ಎಷ್ಟೋ ಜನ ಕೇಳುತ್ತಾರೆ. ಉತ್ತರ ಹಳೆಯ ಇಂಗ್ಲಿಷಿನ ‘ಡೂನ್’ನಲ್ಲಿದೆ.

ಈ ಡೂನ್‌ಗೂ ಹಿಂದಿನ ಬೇರು ಯಾವುದು? ಐರ್ಲೆಂಡ್, ವೇಲ್ಸ್ ಕಡೆಯ ಕೆಲ್ಟಿಕ್ ನುಡಿಗಳಲ್ಲಿ ‘ದೂನ್’ ಅಂದರೆ ಕೋಟೆ, ಅದರಲ್ಲೂ ಗುಡ್ಡದ ಮೇಲಿನ ಕೋಟೆ. ಇಂಗ್ಲಿಷಿನ ಪದ ಅಲ್ಲಿಂದಲೇ ಬಂತು ಅಂತ ಒಂದು ವಾದ, ಅಲ್ಲ ಅಂತ ಇನ್ನೊಂದು. ವಿದ್ವಾಂಸರಲ್ಲಿ ಒಮ್ಮತ ಇಲ್ಲ. ಐರ್ಲೆಂಡಿನ ಡೌನ್ ಕೌಂಟಿಯ ಹೆಸರು ಮಾತ್ರ ಖಂಡಿತ ಆ ಕೋಟೆಯಿಂದಲೇ ಬಂದದ್ದು. ಅಂದರೆ ಡಾರ್ವಿನ್ ಊರಿನ ಡೌನ್ ಗುಡ್ಡ, ಐರ್ಲೆಂಡಿನ ಡೌನ್ ಕೋಟೆ. ಈ ಎರಡು ಹೆಸರು ಗೊಂದಲ ಆಗಬಾರದು ಅಂತಲೇ ಡಾರ್ವಿನ್ ಊರಿನ ಇಂಗ್ಲಿಷ್ ಕಾಗುಣಿತಕ್ಕೆ ಮುಂದೆ ಕೊನೆಯಲ್ಲೊಂದು ಅಕ್ಷರ ಸೇರಿಸಿದರು. ಮನೆಯ ಹೆಸರು ಹಳೆಯ ಕಾಗುಣಿತದಲ್ಲೇ ಉಳಿಯಿತು. ಕನ್ನಡದಲ್ಲಿ ಎರಡನ್ನೂ ‘ಡೌನ್’ ಅಂತಲೇ ಬರೆಯುವುದರಿಂದ ಆ ತಲೆನೋವು ನಮಗಿಲ್ಲ. ಮರಳುಗಾಡಿನ ‘ಡ್ಯೂನ್’ (ಮರಳುದಿಬ್ಬ) ಕೂಡ ಈ ಡೂನ್‌ನ ಬಳಗವೇ. ಅದು ಡಚ್ಚಿನಿಂದ ಫ್ರೆಂಚಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬಂತು.

ಇಷ್ಟರ ಜೊತೆ ಸಂಬಂಧವೇ ಇಲ್ಲದ ಇನ್ನೊಂದು ಡೌನ್ ಇದೆ. ಹಕ್ಕಿಯ ಮೈಗೆ ಅಂಟಿಕೊಂಡಂತೆ ಇರುವ, ದಂಟಿಲ್ಲದ ಮೆತ್ತನೆಯ ಗರಿ. ಇದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ನುಡಿಯ ‘ದೂನ್’ನಿಂದ ಬಂದದ್ದು. ಐಸ್‌ಲ್ಯಾಂಡಿನಲ್ಲಿ ಈಡರ್ ಅನ್ನುವ ಕಡಲ ಬಾತು ತನ್ನ ಎದೆಯ ಮೆತ್ತನೆ ಗರಿಯನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಅಲ್ಲಿನ ರೈತರು ಗೂಡಿನಿಂದ ಅದನ್ನು ಆಯ್ದುಕೊಳ್ಳುತ್ತಾರೆ. ಅದರ ಹೊದಿಕೆಯೇ ಈಡರ್‌ಡೌನ್. ಚಳಿದೇಶಗಳಲ್ಲಿರುವ ನಮ್ಮವರು, ಹಿಮಾಲಯಕ್ಕೆ ಚಾರಣ ಹೋಗುವವರು ಕೊಳ್ಳುವ ‘ಡೌನ್ ಜಾಕೆಟ್’ನ ಡೌನ್ ಇದೇ. ಇದಕ್ಕೆ ಕನ್ನಡದಲ್ಲಿ ‘ತುಪ್ಪಳ’ ಅನ್ನುವ ಒಳ್ಳೆಯ ಪದ ಇರುವಾಗ ‘ಮೃದುವಾದ ಚಿಕ್ಕ ಗರಿಗಳು’ ಅಂತ ಉದ್ದಕ್ಕೆ ಬರೆಯುವುದು ಯಾಕೆ? ಕೋಳಿಮರಿ ಮೊಟ್ಟೆಯೊಡೆದು ಬಂದು ಮೈ ಒಣಗಿದ ಮೇಲೆ ಉಬ್ಬಿ ಕಾಣುತ್ತದಲ್ಲ, ಅದು ತುಪ್ಪಳ.

ಮೂರನೆಯದು ಮನೆತನದ ಹೆಸರು. ಇದರ ಬಗ್ಗೆ ಒತ್ತಿ ಹೇಳಬೇಕು ಅನ್ನಿಸುತ್ತದೆ. ‘ಡೌನ್ ಸಿಂಡ್ರೋಮ್’ನಲ್ಲಿರುವ ಡೌನ್‌ಗೆ ಕೆಳಗೆ, ಕಡಿಮೆ, ಕುಗ್ಗಿದ ಅನ್ನುವ ಯಾವ ಅರ್ಥವೂ ಇಲ್ಲ. ಅದು ಜಾನ್ ಲ್ಯಾಂಗ್ಡನ್ ಡೌನ್ ಅನ್ನುವ ಇಂಗ್ಲಿಷ್ ವೈದ್ಯರ ಹೆಸರು. 1866ರಲ್ಲಿ ಅವರು ಆ ಲಕ್ಷಣಗಳನ್ನು ವಿವರಿಸಿ ಬರೆದರು. ಅವರು ಬಳಸಿದ್ದ ಜನಾಂಗಸೂಚಕ ಪದ ತಪ್ಪು ಅಂತ 1960ರ ದಶಕದಲ್ಲಿ ಅದನ್ನು ಕೈಬಿಡುತ್ತಾ ಬಂದು, ಅವರ ಹೆಸರನ್ನೇ ಇಟ್ಟುಕೊಂಡರು. ಕಾರಣ 21ನೇ ಕ್ರೋಮೋಸೋಮ್ ಒಂದು ಜಾಸ್ತಿ ಇರುವುದು ಅಂತ ಅಷ್ಟರಲ್ಲಿ, 1959ರಲ್ಲೇ, ಗೊತ್ತಾಗಿತ್ತು. ಅಂದರೆ ಅಲ್ಲಿರುವುದು ಕಡಿಮೆಯಲ್ಲ, ಹೆಚ್ಚು. ಇಂಗ್ಲಿಷ್ ಅಲ್ಪಸ್ವಲ್ಪ ಬಲ್ಲ ಅಪ್ಪ-ಅಮ್ಮ ಡಾಕ್ಟರ ಬಾಯಲ್ಲಿ ಆ ಹೆಸರು ಮೊದಲ ಸಲ ಕೇಳಿದಾಗ ‘ನಮ್ಮ ಮಗು ಡೌನ್ ಅಂತೆ’ ಅಂದುಕೊಂಡು ಕುಸಿಯುವುದಿದೆ. ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬರೆಯುವವರು ‘ಇದು ವೈದ್ಯರೊಬ್ಬರ ಹೆಸರು’ ಅಂತ ಒಂದೇ ಒಂದು ಸಾಲು ಸೇರಿಸಿದರೆ ಸಾಕು, ಎಷ್ಟೋ ಮನೆಗಳಿಗೆ ಸಮಾಧಾನ.

ಇನ್ನು ದಿಕ್ಕಿನ ಡೌನ್. ಇದರಲ್ಲೂ ನೆಲದ ಇಳಿಜಾರಿಗೆ ಸಂಬಂಧವೇ ಇಲ್ಲದ ಬಳಕೆಗಳಿವೆ. ಬ್ರಿಟನ್ನಿನ ರೈಲಿನಲ್ಲಿ ಸಾಮಾನ್ಯವಾಗಿ ಲಂಡನ್ ಕಡೆಗೆ ಹೋಗುವುದು ಅಪ್, ಲಂಡನ್ ಬಿಟ್ಟು ಹೋಗುವುದು ಡೌನ್. ಸ್ಕಾಟ್ಲೆಂಡಿನ ಬೆಟ್ಟದಿಂದ ಇಳಿದು ಬರುತ್ತಿದ್ದರೂ ಅಪ್ಪೇ. ಆ ಪದ್ಧತಿ ನಮ್ಮ ರೈಲ್ವೆಗೂ ಬಂತು, ಆದರೆ ಎಲ್ಲ ಕಡೆ ಒಂದೇ ಲೆಕ್ಕ ಇರಲಿಲ್ಲ. ಹಳೆಯ ಕಾಲ್ಕಾ ಮೇಲ್ ಕೋಲ್ಕತ್ತಾ ಪಕ್ಕದ ಹೌರಾ ಬಿಟ್ಟು ಹೊರಡುವಾಗ 1 ಅಪ್, ಹೌರಾಕ್ಕೆ ಬರುವಾಗ 2 ಡೌನ್. ಹಾಗಾಗಿ ಹಳೆಯ ಬರಹದಲ್ಲಿ ‘ಡೌನ್ ಟ್ರೈನ್’ ಸಿಕ್ಕರೆ ಹಾಗೇ ಬಿಡುವುದು ಒಳ್ಳೆಯದು. ನಮ್ಮ ಸ್ಟೇಷನ್ ಮಾಸ್ಟರ್‌ಗಳೂ ಹಾಗೇ ಹೇಳುತ್ತಿದ್ದರು.

ಆಕ್ಸ್‌ಫರ್ಡ್, ಕೇಂಬ್ರಿಜ್ ವಿಷಯದಲ್ಲೂ ಹೀಗೇ. ಓದಲು ಸೇರುವುದು ‘ಗೋಯಿಂಗ್ ಅಪ್’, ಮುಗಿಸಿ ಹೋಗುವುದು ‘ಗೋಯಿಂಗ್ ಡೌನ್’. ‘ಸೆಂಟ್ ಡೌನ್’ ಅಂದರೆ ಕಾಲೇಜಿನಿಂದ ಹೊರಹಾಕಿದರು ಅಂತ. ಅದೇ ಮಾತು ಕೋರ್ಟಿನ ಸಂದರ್ಭದಲ್ಲಿ ಬಂದರೆ ಜೈಲಿಗೆ ಕಳಿಸಿದರು ಅಂತ. ‘ಕೆಳಗೆ ಕಳಿಸಲಾಯಿತು’ ಅಂತ ಬರೆದರೆ ಎರಡೂ ಕೆಟ್ಟಿತು.

ಅಮೆರಿಕದ ‘ಡೌನ್‌ಟೌನ್’ ಕಥೆ ಬೇರೆ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ತುದಿಯಲ್ಲಿ ಮೊದಲು ಊರು ಬೆಳೆಯಿತು. ಆಮೇಲೆ ಉತ್ತರಕ್ಕೆ ಹಬ್ಬಿತು. ದಕ್ಷಿಣದ ಹಳೆಯ ಭಾಗ, ಅಂಗಡಿ ಆಫೀಸುಗಳಿರುವ ಕಡೆ, ಡೌನ್‌ಟೌನ್ ಆಯಿತು. ಬೇರೆ ಊರುಗಳು ದಿಕ್ಕು ನೋಡದೆ ಆ ಹೆಸರನ್ನು ಎರವಲು ಪಡೆದವು. ಈಗ ಶಿಕಾಗೋದಲ್ಲಿರುವ ಕನ್ನಡಿಗರು ‘ಡೌನ್‌ಟೌನ್‌ನಲ್ಲಿ ಆಫೀಸು’ ಅಂದರೆ ಪೇಟೆಯ ನಡುವೆ ಅಂತ ಅರ್ಥ. ನಮ್ಮಲ್ಲಿ ಹಳಬರು ‘ಪೇಟೆಗೆ ಹೋಗಿ ಬರ್ತೀನಿ’ ಅನ್ನುವಾಗಿನ ‘ಪೇಟೆ’ ಇದಕ್ಕೆ ತುಂಬ ಹತ್ತಿರ.

ದಿಕ್ಕು ಮತ್ತು ನೆಲದ ನಂಟಿನ ಮಾತು ಬಂದಾಗ ತಮಿಳು ನೆನಪಾಗುತ್ತದೆ. ಅಲ್ಲಿ ಪೂರ್ವಕ್ಕೆ ‘ಕಿಳಕ್ಕು’, ಅದರ ಬೇರು ನಮ್ಮ ‘ಕೆಳ’, ‘ಕೀಳು’ಗಳದ್ದೇ. ಪಶ್ಚಿಮಕ್ಕೆ ‘ಮೇರ್ಕು’, ಅದು ‘ಮೇಲೆ’. ತಮಿಳುನಾಡಿನ ನೆಲ ಪಶ್ಚಿಮದ ಬೆಟ್ಟದಿಂದ ಪೂರ್ವದ ಕಡಲಿಗೆ ಇಳಿಯುತ್ತದೆ. ಕನ್ನಡ ಮಾತ್ರ ಸೂರ್ಯನನ್ನು ನೋಡಿತು. ಮೂಡುವ ಕಡೆ ಮೂಡಣ, ಪಡುವ ಕಡೆ ಪಡುವಣ.

ಅನುವಾದಕ್ಕೆ ಜಾಸ್ತಿ ಕಷ್ಟ ಕೊಡುವುದು ಕ್ರಿಯಾಪದದ ಬಾಲಕ್ಕೆ ಬರುವ ಡೌನ್. ‘ರೈಟ್ ಡೌನ್’, ‘ಬರ್ನ್ ಡೌನ್’, ‘ಶಟ್ ಡೌನ್’, ‘ಕಾಮ್ ಡೌನ್’. ಇಲ್ಲಿ ಯಾವುದೂ ಕೆಳಗೆ ಹೋಗುತ್ತಿಲ್ಲ. ಕೆಲಸ ಪೂರ್ತಿಯಾಯಿತು, ನಿಂತಿತು ಅನ್ನುವ ಸೂಚನೆ ಅಷ್ಟೇ. ಕನ್ನಡದಲ್ಲಿ ಈ ಕೆಲಸ ಮಾಡುವುದು ನಮ್ಮ ಇಡು, ಬಿಡು, ಹೋಗು, ಕೊಳ್ಳು. ಬರೆದಿಡು. ಸುಟ್ಟುಹೋಯಿತು. ಮುಚ್ಚಿಬಿಟ್ಟರು. ಸಮಾಧಾನ ಮಾಡಿಕೋ. ನಿಘಂಟಿನಲ್ಲಿ ಡೌನ್ ಎದುರಿಗೆ ‘ಕೆಳಗೆ, ಕೆಳಕ್ಕೆ, ಅಧಃ’ ಅಂತ ಇರುತ್ತದೆ. ಈ ನಾಲ್ಕು ಪುಟ್ಟ ಕ್ರಿಯಾಪದಗಳೂ ಅಲ್ಲಿ ಇರಬೇಕಿತ್ತು ಅಂತ ನನ್ನ ಅಭಿಪ್ರಾಯ. ‘ಸರ್ವರ್ ಡೌನ್’ ಅಂತೂ ಈಗ ಕನ್ನಡವೇ ಆಗಿದೆ. ಪಡಿತರ ಅಂಗಡಿಯ ಸಾಲಿನಲ್ಲಿ ನಿಂತ ಅಜ್ಜಿಗೂ ಅದರ ಅರ್ಥ ಗೊತ್ತು. ಅದನ್ನು ಬದಲಿಸಲು ಹೋಗುವುದು ಬೇಡ.

ಈಗ ನನ್ನ ಪ್ರಶ್ನೆ. ಊರು ಮತ್ತು ಮನೆಯ ಹೆಸರನ್ನು ಹಾಗೇ ಇಡುತ್ತೇನೆ. ‘ನಾರ್ತ್ ಡೌನ್ಸ್’ ಕೂಡ ಹೆಸರಾಗಿ ಇರಲಿ. ಆದರೆ ಡೌನ್ಸ್ ಅಂದರೆ ಎಂಥ ಗುಡ್ಡ ಅಂತ ಮಕ್ಕಳಿಗೆ ಒಂದೇ ಪದದಲ್ಲಿ ಹೇಳಬೇಕು. ‘ಬೆಟ್ಟ’ ತೀರಾ ದೊಡ್ಡದಾಯಿತು. ‘ದಿಣ್ಣೆ’, ‘ದಿಬ್ಬ’ ಚಿಕ್ಕವು. ‘ಬೋಳುಗುಡ್ಡ’ ಅಂದರೆ ಹುಲ್ಲೂ ಇಲ್ಲದ ಬರಡು ಅನ್ನುವ ಹಾಗೆ ಕೇಳುತ್ತದೆ. ಕರಾವಳಿಯ ‘ಪದವು’ ಎತ್ತರದ ಜಾಗ ಹೌದು, ಆದರೆ ಅದು ಮುರಕಲ್ಲಿನ ಚಪ್ಪಟೆ ನೆಲ. ಉತ್ತರ ಕನ್ನಡದ ‘ಬೇಣ’, ಶಿವಮೊಗ್ಗ ಕಡೆಯ ‘ಬ್ಯಾಣ’ ಅಂದರೆ ದನ ಮೇಯುವ ಹುಲ್ಲಿನ ಜಾಗ. ನನಗೆ ಮನಸ್ಸು ಎಳೆಯುತ್ತಿರುವುದು ಅದರ ಕಡೆಗೇ. ಕೊಡಗಿನ ‘ಬಾಣೆ’ಯೂ ಹತ್ತಿರ ಇದೆ, ಆದರೆ ಅದಕ್ಕೆ ಗದ್ದೆಯ ಜೊತೆಗಿನ ಹಕ್ಕಿನ ಅರ್ಥ ಸೇರಿಕೊಂಡಿದೆ. ಸದ್ಯಕ್ಕೆ ‘ಹುಲ್ಲುಗುಡ್ಡ’ ಅಂತ ಬರೆದಿಟ್ಟಿದ್ದೇನೆ.

ಕುರಿ ಮೇಯುವ, ಮರ ಕಡಿಮೆ ಇರುವ, ದುಂಡನೆಯ ಏರಿಳಿತದ ನೆಲಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಚಿತ್ರದುರ್ಗ, ಹಾವೇರಿ, ಬೆಳಗಾವಿ ಕಡೆಯ ಕುರಿಗಾಹಿಗಳ ಬಾಯಲ್ಲಿ ಇದಕ್ಕೆ ಬೇರೆ ಪದ ಇದ್ದರೆ ದಯವಿಟ್ಟು ತಿಳಿಸಿ. ಅದು ಯಾವ ಊರಿನ ಮಾತು, ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಬರೆದರೆ ಉಪಕಾರ.