ಬ್ಯಾಸಿಗ್ಯಾಗ ಬಿಒಡಿ ಲೆಕ್ಕ ಯಾಕ ತಪ್ತದ?

ಕೇಳಿದ್ದು, ಕಲಬುರಗಿ:
ಎಂ.ಟೆಕ್. ಪ್ರಾಜೆಕ್ಟಿಗೆ ಮೂರು ಹೊಂಡದ ಕೊಳಚೆನೀರಿನ ಘಟಕವೊಂದರ ಮಾಡೆಲ್ ಮಾಡ್ಲಿಕತ್ತೀನ್ರಿ. ಪುಸ್ತಕದಾಗಿನ ಕೆ (ಕೊಳಕು ದಿನಕ್ಕ ಎಷ್ಟು ಬೇಗ ತೀರ್ತದ ಅನ್ನೋ ದರ) 0.23 ಹಾಕಿ, ಫಸ್ಟ್ ಆರ್ಡರ್ ಸೂತ್ರ (ಉಳಿದಷ್ಟಕ್ಕ ತಕ್ಕಂಗ ಕಡಿಮೆ ಆಗ್ತದ ಅನ್ನೋದು) ಎಕ್ಸೆಲ್‌ನಾಗ ಓಡಿಸಿದೆ. ಲ್ಯಾಬ್ ಕೊಟ್ಟ ಬಿಒಡಿ (ನೀರಿನಾಗಿನ ಕೊಳಕು ತಿನ್ನಲಿಕ್ಕ ಬ್ಯಾಕ್ಟೀರಿಯಾಕ್ಕ ಬೇಕಾಗೋ ಆಮ್ಲಜನಕ) ನನ್ನ ಲೆಕ್ಕಕ್ಕಿಂತ ಯಾವಾಗಲೂ ಜಾಸ್ತಿನೇ ಇರ್ತದ. ಏಪ್ರಿಲ್, ಮೇದಾಗಂತೂ ಭಾಳ ಅಂತರ. ಈ ಕೆಲಸ ಮಾಡಿದವ್ರು ಹೇಳ್ರಿ.

ಬೀದರ್, ಲ್ಯಾಬ್‌ನಾಕಿ:
ತಮ್ಮಾ, ಮೊದಲ ರಿಪೋರ್ಟ್ ನೋಡು, ಮೂರು ದಿನದ್ದೋ ಐದು ದಿನದ್ದೋ? 0.23 ಅನ್ನೋದು 20 ಡಿಗ್ರಿಯ ಕೆ. ನಮ್ಮಲ್ಲಿ ನೀರು ಪರೀಕ್ಷೆಯ ಭಾರತೀಯ ಮಾನಕ ಐಎಸ್ 3025 ಪ್ರಕಾರ ಮಾದರಿ ನೀರಿನ ಬಾಟಲಿ 27 ಡಿಗ್ರಿಯಾಗ ಮೂರು ದಿನ ಇಡ್ತೀವಿ. ಒಂದೊಂದು ಡಿಗ್ರಿಗೆ 1.047ರಿಂದ ಗುಣಿಸಿದ್ರ 27ಕ್ಕ ಕೆ ಸುಮಾರು 0.32. ಅಂದ್ರ ಮೂರು ದಿನಕ್ಕ ಒಟ್ಟು ಆಮ್ಲಜನಕದ ಬೇಡಿಕೆಯಾಗ ಶೇಕಡಾ 61ರಷ್ಟೇ ತೀರಿರ್ತದ. ಆ ಅಂಕಿನೇ ಒಟ್ಟು ಅಂತ ಹಾಕಿದ್ರ ಶುರುವಿನಾಗೇ ತಪ್ಪು. ನಾನೂ ಹಂಗೇ ಮಾಡಿ ನಾಲ್ಕು ತಿಂಗಳು ಕಳಕೊಂಡೀನಿ.

ಪುಸ್ತಕದ ಕೆ ಬಿಡು, ನಿಮ್ಮ ನೀರಿಂದು ನೀನೇ ತೆಗಿ. ಒಂದೇ ಮಾದರಿಯ ಬಾಟಲಿಗಳನ್ನ 1, 2, 3, 5, 7ನೇ ದಿನ ಓದು. ಅಲೈಲ್ ಥಯೋಯೂರಿಯಾ ಹಾಕೋದು ಮರೀಬ್ಯಾಡ. ಇಲ್ಲಂದ್ರ ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾನೂ ಆಮ್ಲಜನಕ ಕುಡೀತಾವ, ಹೊಂಡ ದಾಟಿ ಬಂದ ನೀರಿನಾಗ ಇನ್ನೂ ಬೇಗ. ಕರೆಂಟ್ ಹೋದ ದಿನ ಬಾಟಲಿ ಇಡೋ ಇನ್‌ಕ್ಯುಬೇಟರಿನ ಶಾಖ ಬರ್ದಿಟ್ಕೋ. ಏರಿದ್ರ ಆ ಬಾಟಲಿ ಲೆಕ್ಕಕ್ಕ ತಗೋಬ್ಯಾಡ.

ಕಲಬುರಗಿ, ಘಟಕದಾಗ ಹದಿನಾಲ್ಕು ವರ್ಷ ಕೆಲಸ:
ಅಕ್ಕಾರು ಹೇಳಿದ್ದು ಖರೆ, ಆದ್ರ ಮೇ ತಿಂಗಳಿಂದು ಬ್ಯಾರೇನೇ ಅದ. ನೀರು 35 ಡಿಗ್ರಿಗೆ ಹೋದ್ರ ಅದೇ 1.047ರ ಲೆಕ್ಕದಾಗ ಕೆ 20 ಡಿಗ್ರಿಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಮಾಡೆಲ್ ಪ್ರಕಾರ ನೀರು ಭಾಳ ಸ್ವಚ್ಛ ಆಗ್ಬೇಕು. ಆದ್ರ ಆ ಶಾಖದಾಗ ನೀರು ಹಿಡಿಯೋ ಆಮ್ಲಜನಕ ಲೀಟರಿಗೆ 9.1 ಮಿಲಿಗ್ರಾಂನಿಂದ 7ಕ್ಕ ಇಳೀತದ, ಬ್ಯಾಕ್ಟೀರಿಯಾಕ್ಕ ಸಾಲದಂಗ ಆಗಬಹುದು. ಮಧ್ಯಾಹ್ನ ಪಾಚಿ ತುಂಬಿಕೊಡ್ತದ, ನಸುಕಿನಾಗ ಅದೇ ಪಾಚಿ ಎಳ್ಕೋತದ. ಮಧ್ಯಾಹ್ನ ಒಂದೇ ಓದು ತಗೊಂಡು ಬಂದ್ರ ಮೋಸ ಹೋಗ್ತೀರಿ, ಸೂರ್ಯ ಹುಟ್ಟೋಕಿಂತ ಮೊದಲೊಂದ್ಸಲ ಹೋಗ್ರಿ.

ಇನ್ನೊಂದು, ಹೊರಬರೋ ಹಸಿರು ನೀರಿನ ಬಿಒಡಿಯಾಗ ದೊಡ್ಡ ಪಾಲು ಪಾಚಿದೇ ಇರ್ತದ. ಬಂದ ಕೊಳಚೆ ಕೊಳತು ತೀರಿರ್ತದ, ಪಾಚಿ ಹೊಸದಾಗಿ ಹುಟ್ಟಿರ್ತದ. ಸೋಸಿದ್ದು, ಸೋಸದೇ ಇದ್ದದ್ದು, ಎರಡೂ ಲ್ಯಾಬಿಗೆ ಕಳಿಸ್ರಿ. ನಮ್ಮಲ್ಲಿ ಅಂತರದ ಗುಟ್ಟು ಅಲ್ಲೇ ಸಿಕ್ತು.

ಯಾದಗಿರಿ, ಪಾಠ ಹೇಳೋರು:
ಬಾಟಲಿಯ ಸೂತ್ರ ಹಂಗೇ ಹೊಂಡಕ್ಕ ಹಾಕಿದಂಗ ಕಾಣ್ತದ. ಕೆ ಇಂಟು ನೀರು ಹೊಂಡದಾಗ ನಿಲ್ಲೋ ದಿನ, 4 ಅನ್ಕೋರಿ. ಹಿಂದಿನ ನೀರು ಮುಂದಿನದಕ್ಕ ಬೆರೀದೇ ಸಾಲಾಗಿ ಹೋದ್ರ ಬಿಒಡಿ ನೂರರಾಗ ಎರಡಕ್ಕಿಂತ ಕಡಿಮೆ ಉಳೀತದ. ಒಂದೇ ಹೊಂಡ, ಪೂರ್ತಿ ಬೆರೀತದ ಅಂದ್ರ 20. ಅದೇ ದಿನ ಮೂರು ಸಮ ಹೊಂಡಕ್ಕ ಹಂಚಿದ್ರ ಸುಮಾರು 8. ನಿಮ್ಮದು ಮೂರು ಹೊಂಡ, ಕೊನೇ ಲೆಕ್ಕನೇ ಹಿಡೀರಿ.

ಕಲಬುರಗಿ, ಅದೇ ಕೆಲಸಗಾರ:
ಸರ್ ಹೇಳಿದ ಆ ದಿನಗಳನ್ನೇ ಮೊದಲ ಅಳೀರಿ. ಕೋಲಿಗೆ ಬಿಳಿ ಟವೆಲ್ ಸುತ್ತಿ ಹೊಂಡದ ತಳಕ್ಕ ಇಳಿಸಿ ನಿಧಾನ ಎತ್ತಿದ್ರ ಕೆಸರು ಎಲ್ಲೀತನ ಅದ ಅಂತ ಕರೆ ಬೀಳ್ತದ. ನಮ್ಮ ಒಂದೂವರೆ ಮೀಟರ್ ಹೊಂಡದಾಗ 40 ಸೆಂಟಿಮೀಟರ್ ಕೆಸರೇ ಇತ್ತು, ನೀರು ನಿಲ್ಲೋ ದಿನಾನೂ ಅಷ್ಟು ಕಡಿಮೆ. ಒಬ್ಬರೇ ಹೋಗ್ಬ್ಯಾಡ್ರಿ, ದಂಡಿ ಜಾರ್ತದ.